ಹದಿನಾರು ದಿನದ ಮುಯ್ಯಿ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡಬೇಕು. ಔಷಧ ಪರೀಕ್ಷಿಸುವ ವಿದ್ಯೆ ಬಲ್ಲವರು ಹೇಳಬೇಕಾದ ಕಥೆ ಇದು. ಅರೆಬರೆ ತಿಳಿದವರ ಕೈಯಲ್ಲಿ ಲೆಕ್ಕವೋ ಕ್ರಮವೋ ಎಲ್ಲಾದರೂ ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಲಿ. ಆದರೆ ಅವರು ಬರೆದ ವರದಿಯಲ್ಲಿ ಶೆಟ್ಟಿಕೊಪ್ಪದ ಯಮುನಮ್ಮ ಬರೀ ‘ಏಳನೇ ನಂಬರ್’. ಆ ಏಳನೇ ನಂಬರಿಗೆ ಏನಾಯಿತು ಎಂದು ಯಾರಾದರೂ ಹೇಳಲಿ ಎಂದು ಕಾದದ್ದಾಯಿತು. ಯಾರೂ ಹೇಳಲಿಲ್ಲ.

ವನಮಾಲಾ ತನ್ನ ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ತಲೆನೋವು ಕಾಣದ ಹೆಂಗಸು. ಅವಳಿಗೆ ಇದು ಒಳಗೊಳಗೇ ನಾಚಿಕೆಯ ವಿಷಯ. ಯಾಕೆಂದರೆ ಅವಳ ಅನ್ನ ತಲೆನೋವಿನದು. ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ, ಮೆಡಿಕಲ್ ಶಾಪಿನ ಮಹಡಿಯ ಮೇಲೆ ಡಾಕ್ಟರ್ ಯಜ್ಞೇಶರ ಕ್ಲಿನಿಕ್. ಮೈಗ್ರೇನ್ ಬಾರದ ಹಾಗೆ ದಿನಕ್ಕೊಂದರಂತೆ ನುಂಗುವ ಹೊಸ ಮಾತ್ರೆಯೊಂದು ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅಲ್ಲಿ ಪರೀಕ್ಷೆ ನಡೆದಿತ್ತು. ಮಾತ್ರೆ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಪರೀಕ್ಷೆಗೆ ಸೇರಿದವರಿಗೆ ಸೀಸೆ ತಲುಪಿಸುವುದು, ಉಳಿದ ಮಾತ್ರೆ ಎಣಿಸುವುದು, ಅವರು ಬರೆದಿಟ್ಟ ತಲೆನೋವಿನ ಡೈರಿಯನ್ನು ಫಾರಮ್ಮಿಗೆ ಇಳಿಸುವುದು ವನಮಾಲಾಳ ಕೆಲಸ. ಶೃಂಗೇರಿಯಿಂದ ಬೆಳಗಿನ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ವಾಪಸ್.

ಅವಳು ಓದಿದ್ದು ಸಂಜೆ ಕಾಲೇಜಿನಲ್ಲಿ. ಹಗಲೆಲ್ಲ ಶಿವಮೊಗ್ಗದ ಒಂದು ಔಷಧಿ ಅಂಗಡಿಯಲ್ಲಿ ಮಾತ್ರೆಯ ಪಟ್ಟಿ ಕತ್ತರಿಸಿ ಕೊಟ್ಟು, ಆರು ಗಂಟೆಗೆ ಬೆಂಚಿನ ಮೇಲೆ ಕೂರುವುದು. ಸಂಖ್ಯಾಶಾಸ್ತ್ರ ಕೊನೆಯ ಪೀರಿಯಡ್ಡು. ಆ ಹೊತ್ತಿಗೆ ಪಾಠ ಮಾಡುವವರಿಗೂ ಆಕಳಿಕೆ, ಕೇಳುವವರಿಗೂ ಆಕಳಿಕೆ. ಆಗ ಕೈತಪ್ಪಿಹೋದ ಯಾವುದೋ ಒಂದು ಪಾಠ ಹಗಲು ಓದಿದವರಿಗೆಲ್ಲ ಗೊತ್ತಿದೆ, ತನಗೊಬ್ಬಳಿಗೆ ಗೊತ್ತಿಲ್ಲ ಎಂಬ ಅನುಮಾನ ಅವಳನ್ನು ಇವತ್ತಿಗೂ ಬಿಟ್ಟಿಲ್ಲ. ಅದಕ್ಕೇ ಮಾತ್ರೆಗಳನ್ನು ಮೂರು ಸಲ ಎಣಿಸುತ್ತಿದ್ದಳು.

ಒಂದು ವರ್ಷದ ಹಿಂದೆ ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ಅವಳಿಗೆ ಎರಡು ದಾರಿ ತೋರಿಸಿದ್ದರು.

“ನೋಡಿ ವನಮಾಲಾ, ಇದು ಪ್ಯಾರಲಲ್. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಹಾಗೇ ಕಾಣೋ, ಔಷಧ ಇಲ್ಲದ ಸಪ್ಪೆ ಮಾತ್ರೆ. ಕೊನೆವರೆಗೂ ಅವರವರದ್ದು ಅವರವರಿಗೆ. ಇದಕ್ಕೆ ಇನ್ನೂರ ನಲವತ್ತು ಜನ ಬೇಕು. ಇದು ಕ್ರಾಸ್‌ಓವರ್. ಎಲ್ಲರಿಗೂ ಎರಡೂ ಸಿಗುತ್ತೆ, ಒಂದರ ನಂತರ ಒಂದು. ಎಂಟು ವಾರ ಒಂದು ಸೀಸೆ, ಅದರ ಗುಣ ಮೈಯಿಂದ ಇಳಿಯೋಕೆ ಎರಡು ವಾರ ಖಾಲಿ, ಮತ್ತೆ ಎಂಟು ವಾರ ಇನ್ನೊಂದು ಸೀಸೆ. ಮೊದಲು ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ. ಒಬ್ಬರನ್ನ ಅವರ ಜೊತೆಗೇ ಹೋಲಿಸೋದು, ಅದೇ ಮನುಷ್ಯ, ಅದೇ ತಲೆ. ಅರವತ್ತು ಜನ ಸಾಕು. ನಮ್ಮ ಜನ ಯಾವುದಕ್ಕೆ ಒಪ್ತಾರೆ?”

ಜನರ ವಿಷಯ ಕೇಳಿದ್ದರಿಂದ ವನಮಾಲಾಗೆ ಧೈರ್ಯ ಬಂತು. “ಎರಡೂ ಸಿಗೋದಾದ್ರೆ ಒಪ್ತಾರೆ ಸಾರ್. ಬರೀ ಸಪ್ಪೆ ಸಿಗಬಹುದು ಅಂದ್ರೆ ಯಾರು ಬರ್ತಾರೆ?”

ಅವಳ ಆ ಒಂದು ಮಾತಿನ ಮೇಲೆ ಕ್ರಾಸ್‌ಓವರ್ ಎಂದಾಯಿತು. ದೊಡ್ಡ ಪರೀಕ್ಷೆಗೆ ಮೊದಲು ಹನ್ನೆರಡು ಜನರನ್ನು ಇಟ್ಟುಕೊಂಡು ಒಂದು ಚಿಕ್ಕದು ಮಾಡಿ ನೋಡೋಣ, ಅದು ನೆಟ್ಟಗೆ ನಡೆದರೆ ಶಿವಮೊಗ್ಗದ ಸಮಿತಿ ದೊಡ್ಡದಕ್ಕೆ ಒಪ್ಪಿಗೆ ಕೊಡುತ್ತದೆ ಎಂದು ಮಾತಾಗಿತ್ತು. ಯಾರ ಸೀಸೆಯಲ್ಲಿ ಯಾವುದಿದೆ ಎಂದು ಡಾಕ್ಟರಿಗೂ ಗೊತ್ತಿಲ್ಲ, ವನಮಾಲಾಗೂ ಗೊತ್ತಿಲ್ಲ. ಆ ಪಟ್ಟಿ ಅರಗು ಹಾಕಿದ ಲಕೋಟೆಯಲ್ಲಿ ಶಿವಮೊಗ್ಗದಲ್ಲಿತ್ತು.

ಈಗ ಚಿಕ್ಕ ಪರೀಕ್ಷೆ ಕೊನೆಗೆ ಬಂದಿತ್ತು. ಎರಡನೇ ಸೀಸೆಯ ಐದನೇ ವಾರ. ಬರುವ ಶುಕ್ರವಾರ ಸಮಿತಿಯ ಸಭೆ. ಸೋಮವಾರ ವನಮಾಲಾ ಹನ್ನೆರಡು ಡೈರಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಳು.

ಡೈರಿಯ ಪ್ರತಿ ಪುಟದಲ್ಲೂ ಕೊನೆಗೊಂದು ಕಾಲಂ, ‘ಇತರ ವಿವರ’ ಎಂದು. ಅದನ್ನು ಫಾರಮ್ಮಿಗೆ ಇಳಿಸುವ ಪದ್ಧತಿ ಇರಲಿಲ್ಲ. ಇಳಿಸುವುದೂ ಕಷ್ಟವೇ. ಮೇಗುಂದದ ಶೇಷಪ್ಪನವರು, ರಿಟೈರಾದ ಪೋಸ್ಟ್‌ಮನ್, ಆ ಕಾಲಮ್ಮಿನಲ್ಲಿ ಪಕ್ಕದ ಮನೆಯ ಎಮ್ಮೆ ಕರು ಹಾಕಿದ್ದನ್ನೂ ಬರೆದಿದ್ದರು. ವನಮಾಲಾ ಅದನ್ನೆಲ್ಲ ಓದುತ್ತಿದ್ದದ್ದು ಬಸ್ಸಿನಲ್ಲಿ ಹೊತ್ತು ಹೋಗಲಿ ಎಂದಷ್ಟೇ.

ಎಂಟನೇ ನಂಬರ್ ಶೆಟ್ಟಿಕೊಪ್ಪದ ಮಾಲತಿ, ಮನೆಯ ಜಗಲಿಯಲ್ಲೇ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಅವಳ ಕಾಲಮ್ಮಿನಲ್ಲಿ ದಿನ ಬಿಟ್ಟು ದಿನ ಒಂದೇ ಸಾಲು: ‘ಯಮುನಕ್ಕನ ಸೀಸೆಯಿಂದ.’ ಪಕ್ಕದಲ್ಲೇ ಸಂಖ್ಯೆ. ಒಂದು, ಎರಡು, ಮೂರು. ಹೀಗೆ ಹೋಗಿ ಮೂವತ್ತೆರಡನೇ ದಿನಕ್ಕೆ, ‘ಹದಿನಾರು. ಮುಯ್ಯಿ ತೀರಿತು.’

ವನಮಾಲಾ ಏಳನೇ ನಂಬರಿನ ಡೈರಿ ತೆಗೆದಳು. ಯಮುನಮ್ಮನ ಬರಹ ಕಡಿಮೆ. ಆದರೂ ಅಲ್ಲಿ ಇಲ್ಲಿ ಇತ್ತು: ‘ಮಾಲತಿದು ನುಂಗಿದೆ.’

ಮುಯ್ಯಿ ಎಂದರೆ ಆ ಕಡೆ ಎಲ್ಲರಿಗೂ ಗೊತ್ತು. ನಮ್ಮ ಗದ್ದೆಯ ನಾಟಿಗೆ ನೀನು ನಾಲ್ಕು ದಿನ ಬಂದರೆ, ನಿನ್ನ ಗದ್ದೆಗೆ ನಾನು ನಾಲ್ಕು ದಿನ ಬರಬೇಕು. ದುಡ್ಡಲ್ಲಿ ತೀರುವುದಲ್ಲ, ದಿನಕ್ಕೆ ದಿನ. ನಾಟಿ ಮಾಡುವವರು ಕಡಿಮೆಯಾದರೂ ಹೆಂಗಸರಲ್ಲಿ ಅದು ಹಪ್ಪಳಕ್ಕೆ, ಬಾಣಂತನಕ್ಕೆ, ಆಸ್ಪತ್ರೆಯ ಕಾವಲಿಗೆ ಎಂದು ಉಳಿದುಕೊಂಡಿದೆ. ವನಮಾಲಾ ಹುಟ್ಟಿದ್ದೂ ಅಂಥದೇ ಊರಿನಲ್ಲಿ. ಇದು ಮಾತ್ರೆಗೂ ಬರುತ್ತದೆಂದು ಅವಳಿಗೆ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ.

ಎದುರಿಗಿದ್ದ ಫಾರಮ್ಮಿನಲ್ಲಿ ಒಂಬತ್ತನೇ ಪ್ರಶ್ನೆ: ‘ಭಾಗವಹಿಸಿದವರು ತಮಗೆ ಕೊಟ್ಟ ಮಾತ್ರೆಯನ್ನು ಮಾತ್ರ ಸೇವಿಸಿದ್ದಾರೆಯೇ?’ ಹೌದು, ಇಲ್ಲ. ಕೆಳಗೆ ಸಂಯೋಜಕರ ಸಹಿ.

ಹೌದು ಎಂದು ಹಾಕಿದರೆ ಕ್ರಾಸ್‌ಓವರ್ ಉಳಿಯುತ್ತದೆ. ಅರವತ್ತು ಜನ ಇಲ್ಲೇ ಸಿಗುತ್ತಾರೆ, ದೊಡ್ಡ ಪರೀಕ್ಷೆ ಇಲ್ಲೇ ನಡೆಯುತ್ತದೆ, ಚಿಕ್ಕದನ್ನು ಪೂರ್ತಿ ಮಾಡಿದವರಿಗೆ ಅದರಲ್ಲಿ ಮೊದಲ ಜಾಗ. ಇಲ್ಲ ಎಂದು ಹಾಕಿದರೆ ಆ ದಾರಿ ಮುಚ್ಚಿತು. ಸಾಲದ್ದಕ್ಕೆ, ಇನ್ನೊಬ್ಬರ ಮಾತ್ರೆ ನುಂಗಿದವರಿಗೆ ಅಂದಿನಿಂದಲೇ ಮಾತ್ರೆ ನಿಲ್ಲಿಸಬೇಕು, ಮುಂದಿನದಕ್ಕೂ ಅವರನ್ನು ಸೇರಿಸುವಂತಿಲ್ಲ ಎಂದು ಒಪ್ಪಿಗೆ ಪತ್ರದಲ್ಲೇ ಇತ್ತು. ಅದನ್ನು ಓದಿ ಹೇಳಿ ಇಬ್ಬರಿಂದಲೂ ಸಹಿ ಹಾಕಿಸಿಕೊಂಡವಳು ಅವಳೇ. ಯಮುನಮ್ಮನಿಗೆ ಮೊದಲು ತಿಂಗಳಿಗೆ ಹನ್ನೊಂದು ದಿನ ತಲೆನೋವು. ಈ ಐದು ವಾರದಲ್ಲಿ ಮೂರೇ ದಿನ.

ಎಣಿಕೆಯೇನೋ ಸರಿಯಾಗಿತ್ತು. ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ‘ಇತರ ವಿವರ’ ಓದುವವರು ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಮಧ್ಯಾಹ್ನ ಅವಳು ಶ್ರೀಕಾಂತರಿಗೆ ಫೋನ್ ಮಾಡಿದಳು. ಪರೀಕ್ಷೆಯ ಲೆಕ್ಕಾಚಾರವೆಲ್ಲ ಶಿವಮೊಗ್ಗದಲ್ಲಿದ್ದ ಅವರದು.

“ಸಾರ್, ಸುಮ್ನೆ ಒಂದು ಡೌಟು. ಒಂದು ಕೇರಿಯವರಿಗೆಲ್ಲ ಒಂದೇ ಸಲಕ್ಕೆ ಒಂದೇ ಥರದ ಸೀಸೆ ಕೊಟ್ರೆ? ಇಡೀ ಕೇರಿಗೆ ಈ ಎರಡು ತಿಂಗಳು ಇದು, ಆಮೇಲೆ ಅದು.”

“ಯಾಕೆ?”

“ಒಬ್ಬರ ಮಾತ್ರೆ ಒಬ್ಬರು ತಗಂಡ್ರೂ ಏನೂ ಆಗಲ್ಲ ಅಲ್ವಾ ಸಾರ್.”

ಶ್ರೀಕಾಂತರು ನಕ್ಕರು. “ಐಡಿಯಾ ಚೆನ್ನಾಗಿದೆ. ಆದ್ರೆ ಒಂದೇ ಕೇರಿಯ ನಾಲ್ಕು ತಲೆ ಲೆಕ್ಕದಲ್ಲಿ ನಾಲ್ಕು ಅಲ್ಲ ಮೇಡಂ. ಅದೇ ನೀರು, ಅದೇ ಊಟ, ಅದೇ ಬಿಸಿಲು. ಒಂದೂವರೆ ಅಂತ ಇಟ್ಕೊಳ್ಳಿ. ಅರವತ್ತು ಹೋಗಿ ನೂರೈವತ್ತು ಜನ ಬೇಕಾಗುತ್ತೆ. ಎಲ್ಲಿಂದ ತರ್ತೀರಿ? ಅಲ್ಲ, ಯಾರಾದ್ರೂ ಮಾತ್ರೆ ಹಂಚಿಕೊಂಡಿದಾರಾ?”

“ಇಲ್ಲ ಸಾರ್. ಸುಮ್ನೆ ಕೇಳಿದೆ.”

ಫೋನ್ ಇಟ್ಟ ಮೇಲೆ ಅವಳಿಗೆ ಗೊತ್ತಾಯಿತು, ಫಾರಮ್ಮು ತುಂಬುವ ಮೊದಲೇ ತಾನು ಒಂಬತ್ತನೇ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟಿದ್ದೇನೆ ಎಂದು.

ಮಂಗಳವಾರ ನರಸಿಂಹರಾಜಪುರದ ಬಸ್ಸು ಹತ್ತಿ ಶೆಟ್ಟಿಕೊಪ್ಪದಲ್ಲಿ ಇಳಿದಳು. ರಸ್ತೆ ಬದಿಯಲ್ಲೇ ಯಮುನಮ್ಮನ ಹಿಟ್ಟಿನ ಮಿಲ್ಲು. ಗಂಡ ನಾಗಪ್ಪ ಗದ್ದೆಗೆ ಹೋದರೆ ಸಂಜೆಗೇ ಬರುವುದು. ಮಿಲ್ಲು ಯಮುನಮ್ಮನದೇ ಕಾರುಬಾರು. ಐವತ್ತಾರು ವರ್ಷ, ಹತ್ತೊಂಬತ್ತು ವರ್ಷದಿಂದ ಮೈಗ್ರೇನ್, ತಿನ್ನುವ ಅನ್ನಕ್ಕೆ ಇಡೀ ದಿನ ಮಿಲ್ಲಿನ ಗರಗರ ಸದ್ದು. ವನಮಾಲಾಳನ್ನು ಕಂಡು ಮಿಲ್ಲು ನಿಲ್ಲಿಸಿ, ಹುಬ್ಬಿನ ಮೇಲೆ ಕೂತ ಹಿಟ್ಟನ್ನು ಸೆರಗಿನಲ್ಲಿ ಒರೆಸಿಕೊಂಡರು.

“ಎಂತ ಮಾರಾಯ್ತಿ, ಮೊನ್ನೆ ಬಂದು ಪುಸ್ತಕ ತಗಂಡು ಹೋದೆ, ಇವತ್ತು ಮತ್ತೆ ಬಂದೆ. ಕಂಡಕ್ಟರು ಯಾರಾದ್ರೂ ಚಂದ ಇದಾನಾ?”

“ಯಮುನಕ್ಕ, ಮಾಲತಿನೂ ಕರೀರಿ. ಒಂದು ವಿಷಯ ಕೇಳ್ಬೇಕು.”

“ಕರೆಯೋದೆಂತ. ಕಾಲು ಮಿಷನ್ ಮೇಲಿದ್ರೂ ಕಿವಿ ಇಲ್ಲೇ ಇರುತ್ತೆ ಅದರದ್ದು. ಏ ಮಾಲತೀ.”

ಮಾಲತಿ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಳು. “ಒಂದು ತೋಳು ಬಾಕಿ ಇದೆ ಅಕ್ಕ, ಬೇಗ ಹೇಳಿ.”

ವನಮಾಲಾ ಡೈರಿ ತೆರೆದು ತೋರಿಸಿದಳು. “ಇದೆಂತ ಮಾಲತಿ?”

“ನೀವೇ ಹೇಳಿದ್ರಲ್ಲ, ಎಂತದೂ ಮುಚ್ಚಿಡ್ದೆ ಬರೀರಿ ಅಂತ. ಬರ್ದೆ.”

“ಒಬ್ಬರದ್ದು ಒಬ್ಬರು ತಗಬಾರ್ದು ಅಂತಲೂ ಹೇಳಿದ್ದೆ.”

“ಹೇಳಿದ್ದು ಹೌದು,” ಎಂದರು ಯಮುನಮ್ಮ. “ಆದ್ರೆ ಇದು ತಗಂಡಿದ್ದಲ್ಲ, ತೀರಿಸಿದ್ದು. ಮೊದಲನೇ ಸೀಸೆ ಟೈಮಲ್ಲಿ ಈ ಮಾಲತಿ ಗುಂಡುಕಲ್ಲಿನ ಹಾಗಿತ್ತು. ನಾನು ಕಿಟಕಿಗೆ ಕಂಬಳಿ ಹೊದಿಸ್ಕಂಡು, ತಲೆ ಹತ್ರ ಬಕೆಟ್ ಇಟ್ಕಂಡು ಬಿದ್ದಿದ್ದೆ. ಹದಿನಾರು ದಿನ ಈ ಮಿಲ್ ನಡೆಸಿದ್ದು ಇದೇ. ಆ ದಿನ ವಾಪಸ್ ಕೊಡದು ಬೇಡ್ವಾ? ನಾನು ಇದರ ಮಿಷನ್ ಮೇಲೆ ಕೂತು ಬ್ಲೌಸ್ ಹೊಲಿದ್ರೆ, ಹಾಕ್ಕಂಡವರು ಊರು ಬಿಟ್ಟು ಹೋಗ್ತಾರೆ.”

“ಅದಕ್ಕೆ ಮಾತ್ರೆ?”

“ಇದರ ಮೊದಲನೇ ಸೀಸೆ ಒಳ್ಳೇದಿತ್ತು ಅಂದ್ರೆ ಎರಡನೇದು ಸಪ್ಪೆ. ನಂದು ಮೊದಲನೇದು ಸಪ್ಪೆ, ಅಂದ್ಮೇಲೆ ಈಗಿಂದು ಒಳ್ಳೇದು. ಇದಕ್ಕೆ ಕಾಲೇಜು ಓದ್ಬೇಕಾ? ನನ್ನ ಒಳ್ಳೇದ್ರಲ್ಲಿ ಹದಿನಾರು ದಿನ ಇದಕ್ಕೆ ಕೊಟ್ಟೆ. ಕೊಡಕ್ಕೆ ನನ್ನ ಹತ್ರ ಬೇರೆ ಎಂತ ಇತ್ತು?”

“ಎಣಿಕೆ ಕಮ್ಮಿ ಬಂದ್ರೆ ನಿಮಗೆ ಬೈತಾರೆ ಅಂತ,” ಮಾಲತಿ ಸೇರಿಸಿದಳು, “ನಂದ್ರಿಂದ ಒಂದೊಂದು ಅಕ್ಕನಿಗೆ ಕೊಡ್ತಾ ಬಂದೆ.”

ತನ್ನ ಮೇಲಿನ ಕರುಣೆಯೂ ಇದರಲ್ಲಿ ಸೇರಿತ್ತು ಎಂದು ತಿಳಿದು ವನಮಾಲಾ ಹಿಟ್ಟಿನ ಡಬ್ಬದ ಮೇಲೇ ಕೂತುಬಿಟ್ಟಳು. ಬೈಯಲು ಯಾರನ್ನು ಬೈಯುವುದು? ನಿಧಾನವಾಗಿ ಎಲ್ಲ ಹೇಳಿದಳು. ಒಂಬತ್ತನೇ ಪ್ರಶ್ನೆ, ಸಹಿ, ಶುಕ್ರವಾರ, ನಿಲ್ಲಿಸಬೇಕಾದ ಮಾತ್ರೆ. ಹೇಳುತ್ತ ಹೋದಂತೆ ಯಮುನಮ್ಮನ ಮುಖದಿಂದ ತಮಾಷೆ ಇಳಿಯಿತು.

“ನಾನು ಪೆನ್ಸಿಲಲ್ಲಿ ಬರ್ದಿದ್ದು ಅಕ್ಕ,” ಎಂದಳು ಮಾಲತಿ, ಮೆಲ್ಲಗೆ. “ಬಟ್ಟೆಗೆ ಗುರ್ತು ಹಾಕೋ ಪೆನ್ಸಿಲ್. ಅಕ್ಕಂದೂ ಅದರಲ್ಲೇ.”

ವನಮಾಲಾ ಡೈರಿಯನ್ನು ಮುಚ್ಚಿದಳು.

“ಅಳಿಸು ಅಂತ ನಾನು ಹೇಳಲ್ಲ,” ಎಂದರು ಯಮುನಮ್ಮ. “ಸಹಿ ನಿಂದು, ನಾಳೆ ತೊಂದ್ರೆ ಆದ್ರೆ ನಿಂಗೆ. ಆದ್ರೆ ಒಂದು ಮಾತು ಕೇಳು. ಹೋದ ವಾರ ಸೀತೂರಿಗೆ ಮಗಳು ಅರ್ಪಿತಾನ ಮನೆಗೆ ಹೋಗಿ ಮೂರು ದಿನ ಇದ್ದು ಬಂದೆ. ಅದರ ಮದುವೆಯಾಗಿ ಏಳು ವರ್ಷ. ಒಂದು ದಿನ ಅಲ್ಲಿ ಉಳಿದವಳಲ್ಲ ನಾನು. ಬೀಗರ ಮನೇಲಿ ವಾಂತಿ ಮಾಡ್ಕಂಡು ಬಿದ್ಕಂಡ್ರೆ ಏನು ಗತಿ ಅಂತ ಹೆದ್ರಿಕೆ. ಈ ಸಲ ಮೊಮ್ಮಗೂಗೆ ನಾನೇ ಸ್ನಾನಕ್ಕೆ ನೀರು ಹಾಕಿದೆ. ನಿಂಗೆ ತಲೆನೋವು ಅಂದ್ರೆ ಎಂತ ಅಂತ ಗೊತ್ತಿಲ್ಲ ಮಾರಾಯ್ತಿ. ಅದು ನೋವಲ್ಲ. ಒಳಗೆ ಹಾಕಿ ಬೀಗ ಹಾಕ್ದಂಗೆ. ಕೀ ಯಾರ ಕೈಲಿದೆ ಅಂತಲೂ ಗೊತ್ತಿರಲ್ಲ.”

ಹೊರಡುವಾಗ ಮಾಲತಿ ಎಂದಿನಂತೆ ಒಂದು ಪೊಟ್ಟಣ ಅಕ್ಕಿಹಿಟ್ಟು ಕಟ್ಟಿಕೊಡಲು ಬಂದಳು. ವನಮಾಲಾ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಅದೂ ಒಂದು ಮುಯ್ಯಿ.

ಕೊಪ್ಪದಲ್ಲಿ ಇಳಿದು, ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಒಂದು ರಬ್ಬರ್ ಕೊಂಡಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳದೆ ಕೊಂಡಳು. ಬುಧವಾರ ಬೆಳಿಗ್ಗೆ, ಡಾಕ್ಟರು ಬರುವ ಮೊದಲು, ಮಾಲತಿಯ ಡೈರಿಯ ಹಿಂದಿನ ಖಾಲಿ ಪುಟದಲ್ಲಿ ಅದೇ ಥರದ ಪೆನ್ಸಿಲಿನಿಂದ ‘ಒಂದು’ ಎಂದು ಬರೆದು ಅಳಿಸಿ ನೋಡಿದಳು. ಗುರುತು ಉಳಿಯುತ್ತದೆ, ಆಗ ಅಳಿಸಲಾಗದು ಎಂಬ ನೆಪ ಸಿಗುತ್ತದೆ ಎಂದುಕೊಂಡಿದ್ದಳು. ಸ್ವಲ್ಪವೂ ಉಳಿಯಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದಳು. ಬೆಳ್ಳಗಿತ್ತು.

ಆ ದಿನವೆಲ್ಲ ಅವಳು ಎರಡು ಗೋಡೆಗಳ ನಡುವೆ ಓಡಾಡಿದಳು. ಅಳಿಸಿದರೆ ಯಮುನಮ್ಮನಿಗೆ ಇನ್ನು ಮೂರು ವಾರದ ಮಾತ್ರೆ, ಆಮೇಲೆ ದೊಡ್ಡ ಪರೀಕ್ಷೆಯಲ್ಲಿ ಜಾಗ. ಆದರೆ ಅಲ್ಲಿ ಬರುವ ಅರವತ್ತು ಜನ ಯಾರು? ಇಂಥದೇ ಕೇರಿಗಳವರು. ಇಬ್ಬರು ಮಾಡಿದ್ದನ್ನು ಅರವತ್ತು ಜನ ಮಾಡುತ್ತಾರೆ, ಕೆಟ್ಟವರಾಗಿ ಅಲ್ಲ, ಒಳ್ಳೆಯವರಾಗಿ. ಔಷಧವೂ ಸಪ್ಪೆಯೂ ಎಲ್ಲರ ಹೊಟ್ಟೆಯಲ್ಲಿ ಬೆರೆತು, ಕೊನೆಗೆ ಎರಡಕ್ಕೂ ವ್ಯತ್ಯಾಸವಿಲ್ಲ ಎಂದು ಲೆಕ್ಕ ಬರುತ್ತದೆ. ಮಾತ್ರೆ ನಿಜವಾಗಿ ಒಳ್ಳೆಯದೇ ಆಗಿದ್ದರೆ, ಕೆಲಸಕ್ಕೆ ಬಾರದ್ದೆಂದು ಅದನ್ನು ಎಸೆದುಬಿಡುತ್ತಾರೆ. ಆಗ ಯಮುನಮ್ಮನಿಗೆ ಮೂರು ವಾರವಲ್ಲ, ಯಾವತ್ತೂ ಇಲ್ಲ. ಅಥವಾ ತಾನು ಯೋಚಿಸುತ್ತಿರುವುದೇ ತಪ್ಪೋ? ಹಗಲು ಓದಿದವರಿಗೆ ಇದಕ್ಕೊಂದು ಸುಲಭದ ಉತ್ತರ ಗೊತ್ತಿರಬಹುದೋ? ಶೃಂಗೇರಿಯ ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ, ಒಂದು ಸಲವಾದರೂ ತನ್ನ ತಲೆ ನೋಯಬಾರದೇ ಎಂದುಕೊಂಡಳು. ನೋಯಲಿಲ್ಲ.

ಗುರುವಾರ ಅವಳು ಡೈರಿಯನ್ನು ತೆರೆದೇ ಡಾಕ್ಟರ್ ಯಜ್ಞೇಶರ ಮುಂದಿಟ್ಟಳು. ಅವರು ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು. ಈ ಪರೀಕ್ಷೆಯನ್ನು ತಮ್ಮೂರಿನಲ್ಲೇ ಮಾಡಬೇಕೆಂದು ಆರು ವರ್ಷ ಓಡಾಡಿದ ಮನುಷ್ಯ.

“ಈ ಕಾಲಂ ನಾವು ಕಳಿಸಲ್ಲ, ಅಲ್ವಾ?”

“ಕಳಿಸಲ್ಲ ಸಾರ್.”

“ನೀವು ತೋರಿಸ್ದೆ ಇದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ.”

“ಇಲ್ಲ ಸಾರ್.”

ಡಾಕ್ಟರು ಡೈರಿಯನ್ನು ಅವಳ ಕಡೆಗೆ ತಿರುಗಿಸಿ, “ತೋರಿಸ್ದೆ ಇದ್ದಿದ್ರೆ ಅಂತ ಒಂದು ನಿಮಿಷ ಅನ್ನಿಸ್ತು. ತಪ್ಪು ತಿಳ್ಕೋಬೇಡಿ,” ಎಂದರು.

“ನನಗೆ ಮೂರು ದಿನ ಅನ್ನಿಸಿದೆ ಸಾರ್,” ಎಂದು ವನಮಾಲಾ ರಬ್ಬರನ್ನು ತೆಗೆದು ಡೈರಿಯ ಪಕ್ಕದಲ್ಲಿಟ್ಟಳು. ಆಮೇಲೆ ಇನ್ನೊಂದು ಹಾಳೆ. “ಹೇಳೋಕೆ ಧೈರ್ಯ ಇಲ್ಲ, ತಪ್ಪಿದ್ರೆ ಹರಿದು ಹಾಕಿ. ಕ್ರಾಸ್‌ಓವರ್ ಬೇಡ ಸಾರ್. ಎರಡೂ ಸಿಗುತ್ತೆ ಅಂದ್ರೆ ಜನ ಯಾವುದು ಯಾವಾಗ ಅಂತ ತಾಳೆ ಹಾಕ್ತಾರೆ. ಬೇರೆ ಬೇರೆ ಗುಂಪಿನ ಪ್ಯಾರಲಲ್ಲೇ ಆಗ್ಲಿ. ಆದ್ರೆ ಒಂದೂರಿಗೆ ಒಬ್ಬರೇ. ಮುಯ್ಯಿಗೆ ಜೊತೆ ಸಿಗಬಾರ್ದು.”

“ಇನ್ನೂರ ನಲವತ್ತು ಜನ ಅಂದ್ರೆ ಇನ್ನೂರ ನಲವತ್ತು ಊರು.”

“ಮೂರು ತಾಲ್ಲೂಕಲ್ಲಿ ಹಳ್ಳಿ, ಕೇರಿ, ಎಸ್ಟೇಟಿನ ಕೂಲಿ ಲೈನು ಎಲ್ಲ ಸೇರಿದ್ರೆ ಆಗುತ್ತೆ ಸಾರ್. ಎಣಿಸಿದೀನಿ.”

“ಮೂರು ಸಲ ಎಣಿಸಿರ್ತೀರಿ.”

“ನಾಲ್ಕು ಸಲ.”

ಡಾಕ್ಟರು ಸ್ವಲ್ಪ ನಕ್ಕರು. ಆಮೇಲೆ ನಗು ಇಳಿಸಿ, “ಇಬ್ಬರನ್ನೂ ನಿಲ್ಲಿಸ್ಬೇಕಾಗುತ್ತೆ. ಮುಂದಿನದಕ್ಕೂ ಇಲ್ಲ,” ಎಂದರು.

“ಒಪ್ಪಿಗೆ ಪತ್ರ ಓದಿ ಹೇಳಿದ್ದು ನಾನೇ ಸಾರ್.”

ಒಂಬತ್ತನೇ ಪ್ರಶ್ನೆಗೆ ‘ಇಲ್ಲ’ ಎಂದು ಹಾಕಿ, ಪೆನ್ನಿನಲ್ಲಿ ಸಹಿ ಮಾಡಿದಳು. ಶ್ರೀಕಾಂತರಿಗೂ ಫೋನ್ ಮಾಡಿ ಸೋಮವಾರ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಳು. ಅವರು ಬೈಯಲಿಲ್ಲ. ಒಂದೂರಿಗೆ ಒಬ್ಬರು ಎಂಬುದು ಲೆಕ್ಕಕ್ಕೆ ಕೂರುತ್ತದೆ, ಆದರೆ ಅಷ್ಟು ಊರು ತಿರುಗುವವರು ಯಾರು ಎಂದು ಮಾತ್ರ ಕೇಳಿದರು. ತಿರುಗುವವಳು ಯಾರೆಂದು ಅವಳಿಗೆ ಗೊತ್ತಿತ್ತು.

ಶುಕ್ರವಾರ ಸಮಿತಿ ಆ ಕ್ರಮವನ್ನೇ ಒಪ್ಪಿತು. ಪರೀಕ್ಷೆ ಬೇರೆಲ್ಲಿಗೂ ಹೋಗಲಿಲ್ಲ. ಕ್ಲಿನಿಕ್ಕಿನಲ್ಲಿ ಡಾಕ್ಟರು ಎಲ್ಲರಿಗೂ ಕಾಫಿ ತರಿಸಿದರು. ವನಮಾಲಾ ಲೋಟ ಹಿಡಿದುಕೊಂಡು ಸೋಮವಾರ ತಾನು ಎಲ್ಲಿಗೆ ಹೋಗಬೇಕು ಎಂಬುದನ್ನೇ ಯೋಚಿಸುತ್ತಿದ್ದಳು. ಎಲ್ಲರಿಗೂ ಬಾಗಿಲು ತೆರೆಯಿತು, ತೆರೆದದ್ದು ತನ್ನ ಹಾಳೆಯಿಂದಲೇ. ಯಮುನಮ್ಮನಿಗೆ ಅದು ಮುಚ್ಚಿದ್ದೂ ತನ್ನ ಸಹಿಯಿಂದಲೇ.

ಸೋಮವಾರ ಮಿಲ್ಲು ನಡೆಯುತ್ತಿತ್ತು. ಯಮುನಮ್ಮ ಅವಳನ್ನು ನೋಡಿದರು, ಆದರೆ ಮಿಲ್ಲು ನಿಲ್ಲಿಸಲಿಲ್ಲ. ಕಾದಿದ್ದವರ ರಾಗಿ ಪೂರ್ತಿ ಬೀಸಿ, ಚೀಲ ಕಟ್ಟಿ ಕೊಟ್ಟು, ಆಮೇಲೆ ಸ್ವಿಚ್ಚು ಇಳಿಸಿದರು. ಗೂಡಿನಲ್ಲಿದ್ದ ಸೀಸೆ ತಂದು ಮೇಜಿನ ಮೇಲಿಟ್ಟರು. ಮಾಲತಿಯ ಸೀಸೆಯೂ ಪಕ್ಕದಲ್ಲೇ ಇತ್ತು, ಅವಳು ಮೊದಲೇ ತಂದಿಟ್ಟಿದ್ದಳು. ತಾನು ಬರಲಿಲ್ಲ. ಜಗಲಿಯಿಂದ ಮಿಷನ್ನಿನ ಸದ್ದು ಮಾತ್ರ ಬರುತ್ತಿತ್ತು.

“ಎಣಿಸು.”

“ಬೇಡ ಯಮುನಕ್ಕ.”

“ಎಣಿಸು ಮಾರಾಯ್ತಿ. ಇಷ್ಟೆಲ್ಲ ಆದ ಮೇಲೆ ಅದೊಂದು ಯಾಕೆ ಬಿಡ್ತೀಯ.”

ವನಮಾಲಾ ಯಮುನಮ್ಮನ ಸೀಸೆಯದನ್ನು ಎಣಿಸಿದಳು. ಮೊದಲ ಸಲ ಹದಿನಾಲ್ಕು, ಎರಡನೇ ಸಲ ಹದಿನೈದು. ಕಣ್ಣು ಮಂಜಾಗಿತ್ತು. ಮೂರನೇ ಸಲ ಯಮುನಮ್ಮನೇ ಪಕ್ಕದಲ್ಲಿ ನಿಂತು ಬೆರಳಿನಿಂದ ಒಂದೊಂದೇ ಸರಿಸಿಕೊಟ್ಟರು. ಹದಿನಾಲ್ಕು. ಸರಿಯಾಗಿತ್ತು.

“ಈಗ ಒಂದು ಹೇಳು,” ಎಂದರು. “ಇದು ಒಳ್ಳೇದೇ ಹೌದಾ? ಅದೊಂದಾದ್ರೂ ಹೇಳು. ದಿನ ಬಿಟ್ಟು ದಿನ ಮಾಲತಿಯ ಸಪ್ಪೆ ನುಂಗಿದ್ರೂ ನಂಗೆ ಗುಣ ಆಗಿತ್ತು. ನನ್ನ ಅರ್ಧ ಕೊಟ್ಟಿದ್ದಕ್ಕೆ ಅದಕ್ಕೂ ಗುಣ ಆಗಿತ್ತು. ಅಥವಾ ನಾವು ತಿಳ್ಕಂಡಿದ್ದೇ ತಿರುಗುಮುರುಗಾ?”

“ನಂಗೆ ಗೊತ್ತಿಲ್ಲ ಯಮುನಕ್ಕ. ಡಾಕ್ಟ್ರಿಗೂ ಗೊತ್ತಿಲ್ಲ. ಲಕೋಟೆ ಒಡೆಯೋದು ದೊಡ್ಡದು ಮುಗಿದ ಮೇಲೆ.”

“ಅಂದ್ರೆ?”

“ಎರಡು ವರ್ಷ ಆಗಬಹುದು.”

ಯಮುನಮ್ಮ ಸೀಸೆಯ ಮುಚ್ಚಳ ತಿರುಗಿಸಿ ಅವಳ ಕೈಗೆ ಕೊಟ್ಟರು. “ಆ ಪುಸ್ತಕ ವಾಪಸ್ ಕೊಡ್ತೀಯಾ? ಬರೆಯೋ ಅಭ್ಯಾಸ ಆಗಿದೆ.”

ಹಳೆಯದನ್ನು ಕೊಡುವಂತಿರಲಿಲ್ಲ. ವನಮಾಲಾ ಬ್ಯಾಗಿನಿಂದ ಹೊಸ ಡೈರಿಯೊಂದನ್ನು ತೆಗೆದು, ನಂಬರ್ ಬರೆಯುವ ಜಾಗದಲ್ಲಿ ‘ಯಮುನಮ್ಮ’ ಎಂದು ಬರೆದುಕೊಟ್ಟಳು. ಅದನ್ನು ಕೊಡಬಹುದಿತ್ತೋ ಇಲ್ಲವೋ, ಅದೂ ಅವಳಿಗೆ ಖಚಿತವಿರಲಿಲ್ಲ. ಬಸ್ಸು ಹತ್ತಿದ ಮೇಲೆ ಮಿಲ್ಲು ಮತ್ತೆ ಶುರುವಾದದ್ದು ಕೇಳಿಸಿತು.

ಆಮೇಲೆ ಅವಳ ತಿರುಗಾಟ ಶುರುವಾಯಿತು. ಒಂದೂರಿಗೆ ಒಬ್ಬರಂತೆ, ಒಂದು ದಿನಕ್ಕೆ ಎರಡು ಊರು, ಬಸ್ಸು ತಪ್ಪಿದರೆ ಒಂದೇ. ನರಸಿಂಹರಾಜಪುರದ ದಾರಿಯಲ್ಲಿ ಹೋಗುವಾಗ ಶೆಟ್ಟಿಕೊಪ್ಪದಲ್ಲಿ ಬಸ್ಸು ನಿಲ್ಲುತ್ತದೆ. ಮಿಲ್ಲಿನ ಬಾಗಿಲು ತೆರೆದಿದೆಯೋ ಎಂದು ಕಿಟಕಿಯಿಂದ ಬಗ್ಗಿ ನೋಡುತ್ತಾಳೆ. ಕೆಲವು ದಿನ ತೆರೆದಿರುತ್ತದೆ, ಕೆಲವು ದಿನ ಮುಚ್ಚಿರುತ್ತದೆ. ಒಂದೊಂದು ದಿನ ತೆರೆದಿದ್ದರೂ ಹಿಟ್ಟಿನ ಧೂಳಿನ ನಡುವೆ ನಿಂತವಳು ಮಾಲತಿಯಂತೆ ಕಾಣುತ್ತಾಳೆ. ಮುಚ್ಚಿದ ದಿನವೆಲ್ಲ ತಲೆನೋವಿನ ದಿನವೋ, ಅಥವಾ ಯಮುನಮ್ಮ ಸೀತೂರಿಗೆ ಮಗಳ ಮನೆಗೆ ಹೋಗಿರುತ್ತಾರೋ, ಬಸ್ಸಿನಿಂದ ತಿಳಿಯುವುದಿಲ್ಲ. ಇಳಿದು ಕೇಳಲು ವನಮಾಲಾಗೆ ಇನ್ನೂ ಆಗಿಲ್ಲ.

ಶಿವಮೊಗ್ಗದ ಲಕೋಟೆಯನ್ನು ಇನ್ನೂ ಒಡೆದಿಲ್ಲ. ಏಳನೇ ನಂಬರಿನ ಎರಡನೇ ಸೀಸೆಯಲ್ಲಿದ್ದದ್ದು ಔಷಧವೋ ಸಪ್ಪೆಯೋ, ಆ ಐದು ವಾರ ಯಮುನಮ್ಮನ ತಲೆಯನ್ನು ಹಗುರ ಮಾಡಿದ್ದು ಮಾತ್ರೆಯೋ ಬೇರೆ ಏನೋ, ವನಮಾಲಾ ಬರೆದದ್ದರಿಂದ ಅವರಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ, ಇದು ಯಾವುದೂ ಗೊತ್ತಿಲ್ಲ.